ಫಸ್ಟ್ ಬಂದ ಟೀಮು ಸೀದಾ ಮೇಲಕ್ಕೆ ಹೋಗಲ್ಲ: ಸ್ವೀಡನ್ ಐಸ್ ಹಾಕಿ ಬಗ್ಗೆ ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: "ಹಾಕಿಆಲ್‌ಸ್ವೆನ್ಸ್ಕನ್‌ನಲ್ಲಿ ಫಸ್ಟ್ ಪ್ಲೇಸ್ ಬಂದ ಟೀಮು ಎಸ್‌ಎಚ್‌ಎಲ್‌ಗೆ ಪ್ರಮೋಟ್ ಆಗತ್ತೆ ತಾನೇ? ಹಾಗಿದ್ರೆ 52 ಮ್ಯಾಚ್ ಮುಗಿದ್ಮೇಲೂ ಏಪ್ರಿಲ್‌ವರೆಗೆ ಇವರು ಏನು ಆಡ್ತಾರೆ?"

ಇಲ್ಲ, ಆಗಲ್ಲ. ಎಸ್‌ಎಚ್‌ಎಲ್ ಅಂದ್ರೆ ಸ್ವೀಡನ್ನಿನ ಅತಿ ಮೇಲಿನ ಐಸ್ ಹಾಕಿ ಲೀಗು, ಅಲ್ಲಿಗೆ ಫಸ್ಟ್ ಬಂದಿದ್ದಕ್ಕೇ ಯಾರೂ ಹೋಗಲ್ಲ.

ಇದನ್ನ ಎಷ್ಟು ಸಲ ಹೇಳಿದೀನೋ ನನಗೇ ಲೆಕ್ಕ ಇಲ್ಲ. ಬೆಂಗಳೂರಿಂದ ಕೆಲಸಕ್ಕೆ ಅಂತ ಇಲ್ಲಿ ವೆಸ್ಟರೋಸ್‌ಗೆ ಬಂದ ನಮ್ಮವರು ಮೊದಲನೇ ಚಳಿಗಾಲದಲ್ಲಿ ಆಫೀಸಿನವರ ಜೊತೆ ಒಂದು ಸಲ ಐಸ್ ಹಾಲ್‌ಗೆ ಹೋಗಿ ಬರ್ತಾರೆ, ಊರಿನ ಟೀಮು ವಿಐಕೆದು ಹಳದಿ-ಕಪ್ಪು ಮಫ್ಲರ್ ತಗೋತಾರೆ, ಮಾರನೇ ದಿನ ಫೋನಲ್ಲಿ ಪಾಯಿಂಟ್ಸ್ ಟೇಬಲ್ ತೆಗೆದು ನನಗೆ ಮೆಸೇಜ್ ಹಾಕ್ತಾರೆ, "ಮೇಲಿರೋ ಟೀಮು ಪ್ರಮೋಟ್ ಆಗೋದು ಗ್ಯಾರಂಟಿ ಅಲ್ವಾ" ಅಂತ. ಹೊಸಬರನ್ನ ಬಿಡಿ, ಹತ್ತು ವರ್ಷದಿಂದ ಇಲ್ಲಿರೋರೂ ಹೀಗೇ ಅನ್ಕೊಂಡಿದಾರೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆದುಬಿಡ್ತೀನಿ, ಮುಂದೆ ಯಾರು ಕೇಳಿದ್ರೂ ಇದನ್ನೇ ಕಳಿಸಬಹುದು.

ಮೊದಲು ಬೇಗ ಲೆಕ್ಕ ಮುಗಿಸೋಣ. ಹಾಕಿಆಲ್‌ಸ್ವೆನ್ಸ್ಕನ್ ಅಂದ್ರೆ ಎಸ್‌ಎಚ್‌ಎಲ್ ಕೆಳಗಿನ ಲೀಗು, 14 ಟೀಮು. ಪ್ರತಿ ಟೀಮೂ ಉಳಿದ 13 ಟೀಮಿನ ಜೊತೆ ನಾಲ್ಕು ನಾಲ್ಕು ಸಲ ಆಡತ್ತೆ, ಎರಡು ಮನೇಲಿ ಎರಡು ಹೊರಗೆ, ಒಟ್ಟು 52. ಅರವತ್ತು ನಿಮಿಷದೊಳಗೆ ಗೆದ್ರೆ 3 ಪಾಯಿಂಟು, ಎಕ್ಸ್‌ಟ್ರಾ ಟೈಮಲ್ಲೋ ಪೆನಾಲ್ಟಿ ಶೂಟಲ್ಲೋ ಗೆದ್ರೆ 2, ಅಲ್ಲಿ ಸೋತ್ರೆ 1. ಸೆಪ್ಟೆಂಬರಲ್ಲಿ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯತ್ತೆ.

ಮುಗಿಯೋದು ಸೀರೀಸ್ (ಈ 52 ಮ್ಯಾಚಿನ ಲೀಗ್ ಹಂತ) ಮಾತ್ರ, ಸೀಸನ್ ಅಲ್ಲ. ಆಮೇಲೆ ಬರತ್ತೆ ಸ್ಲೂಟ್‌ಸ್ಪೆಲ್, ಅಂದ್ರೆ ಪ್ಲೇಆಫ್. ಈಗಿನ ಪದ್ಧತಿ ಪ್ರಕಾರ ಮೊದಲ ಆರು ಟೀಮು ನೇರ ಕ್ವಾರ್ಟರ್‌ಫೈನಲ್‌ಗೆ, 7ರಿಂದ 10ನೇ ಜಾಗದವರು ಮೂರು ಮ್ಯಾಚಿನ ಚಿಕ್ಕ ಸರಣಿ ಆಡಿ ಅದರಲ್ಲಿ ಇಬ್ಬರು ಒಳಗೆ ಬರ್ತಾರೆ. ಅಲ್ಲಿಂದ ಮುಂದೆ ಎಲ್ಲಾ ಏಳು ಮ್ಯಾಚಿನ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದೆ. ಕೊನೇಲಿ ಫೈನಲ್ ಗೆದ್ದ ಒಂದೇ ಒಂದು ಟೀಮು ಎಸ್‌ಎಚ್‌ಎಲ್‌ಗೆ. ಹತ್ತನೇ ಜಾಗದವರೂ ಲೆಕ್ಕದ ಪ್ರಕಾರ ಮೇಲಕ್ಕೆ ಹೋಗಬಹುದು, ಮೊದಲನೇ ಜಾಗದವರು ಕ್ವಾರ್ಟರ್‌ಫೈನಲ್ಲಲ್ಲೇ ಮನೆಗೆ ಹೋಗಬಹುದು.

"ಹಾಗಿದ್ರೆ ಫಸ್ಟ್ ಬಂದು ಏನು ಬಂತು?" ಅಂತ ಕೇಳ್ತೀರ. ಮನೆ ಐಸು ಬಂತು. ಸರಣಿ ಏಳನೇ ಮ್ಯಾಚಿಗೆ ಹೋದ್ರೆ ಆ ಮ್ಯಾಚು ನಿಮ್ಮ ಹಾಲಲ್ಲಿ, ನಿಮ್ಮ ಜನರ ಮುಂದೆ. ಇದು ಸಣ್ಣ ವಿಷಯ ಅಲ್ಲ, ಆದ್ರೆ ಪ್ರಮೋಷನ್ನೂ ಅಲ್ಲ.

ನಂಬಿಕೆ ಬರ್ತಿಲ್ಲ ಅಂದ್ರೆ 2020 ನೋಡಿ. ಆ ವರ್ಷ 52 ಸುತ್ತೂ ಪೂರ್ತಿ ಆಗಿತ್ತು, ಟೇಬಲ್ ರೆಡಿ, ಯಾರು ಫಸ್ಟ್ ಯಾರು ಲಾಸ್ಟ್ ಅಂತ ಎಲ್ಲಾ ಗೊತ್ತಿತ್ತು. ಮಾರ್ಚ್ ಮಧ್ಯದಲ್ಲಿ ಕೊರೋನಾ ಅಂತ ಸೀಸನ್ ನಿಲ್ಲಿಸಿದ್ರು. ಎಷ್ಟು ಟೀಮು ಮೇಲಕ್ಕೆ ಹೋಯ್ತು ಗೊತ್ತಾ? ಸೊನ್ನೆ. ಒಂದೂ ಹೋಗಲಿಲ್ಲ, ಎಸ್‌ಎಚ್‌ಎಲ್‌ನಿಂದ ಯಾರೂ ಕೆಳಗೂ ಬರಲಿಲ್ಲ. ಟೇಬಲ್ಲಿನ ಮೊದಲನೇ ಜಾಗಕ್ಕೇ ಪ್ರಮೋಷನ್ ಅಂಟಿಕೊಂಡಿದ್ದಿದ್ರೆ ಅವತ್ತು ಒಂದು ಟೀಮನ್ನ ಕೂತಲ್ಲೇ ಮೇಲಕ್ಕೆ ಕಳಿಸಬಹುದಿತ್ತಲ್ವಾ? ಕಳಿಸಲಿಲ್ಲ, ಯಾಕಂದ್ರೆ ಅಂಟಿಕೊಂಡಿಲ್ಲ.

ಇನ್ನೊಂದು ಮಾತು ಬರತ್ತೆ, "ಇದು ಈಗಿನ ರೂಲು, ಮುಂಚೆ ಫಸ್ಟ್ ಬಂದವರು ನೇರ ಹೋಗ್ತಿದ್ರು" ಅಂತ. ಹೋಗ್ತಿರಲಿಲ್ಲ. 2014ರವರೆಗೆ ಕ್ವಾಲ್‌ಸೇರಿಯನ್ ಅಂತಿತ್ತು, ಮೇಲಿನ ಲೀಗಿನ ಕೊನೆ ಎರಡು ಟೀಮು, ಕೆಳಗಿನ ಲೀಗಿನ ನಾಲ್ಕು ಟೀಮು, ಆರೂ ಸೇರಿ ಒಬ್ಬೊಬ್ಬರು ಹತ್ತತ್ತು ಮ್ಯಾಚ್ ಆಡೋರು, ಮೊದಲ ಎರಡು ಜಾಗದವರಿಗೆ ಮುಂದಿನ ವರ್ಷ ಮೇಲಿನ ಲೀಗು. ಲೆಕ್ಸಾಂಡ್ ಅಂತ ದಲಾರ್ನದಲ್ಲಿ ಒಂದು ಸಣ್ಣ ಊರು, ಆದ್ರೆ ಹಾಕಿ ಹುಚ್ಚು ಇಡೀ ದೇಶಕ್ಕೆ ಸಾಕಾಗುವಷ್ಟು. 2006ರಲ್ಲಿ ಕೆಳಗೆ ಬಿದ್ದ ಅವರ ಟೀಮು ಮೇಲೆ ಹೋಗಿದ್ದು 2013ಕ್ಕೆ. ಮಧ್ಯದ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೀರೀಸ್ ಗೆದ್ರು, ವಸಂತ ಬಂತು ಅಂದ್ರೆ ಕ್ವಾಲ್‌ಸೇರಿಯನ್‌ನಲ್ಲಿ ಕೈ ಜಾರೋದು. ಆ ಊರಿನ ಹಳಬರ ಮುಂದೆ ಹೋಗಿ "ಫಸ್ಟ್ ಬಂದ್ರೆ ಪ್ರಮೋಷನ್" ಅಂತ ಹೇಳಿ ನೋಡಿ, ಎಷ್ಟು ನೋವು ಅದರಲ್ಲಿದೆ ಅಂತ ಅವರ ಮುಖದಲ್ಲೇ ಕಾಣತ್ತೆ.

ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಅಂತ ನಾನು ಬಹಳ ಯೋಚನೆ ಮಾಡಿದೀನಿ, ನನ್ನ ಪ್ರಕಾರ ಇದು ಫುಟ್‌ಬಾಲಿಂದ ಬಂದಿದ್ದು. ಸ್ವೀಡನ್ ಫುಟ್‌ಬಾಲಲ್ಲಿ ಎರಡನೇ ಲೀಗು ಸೂಪರೆಟ್ಟನ್, 16 ಟೀಮು, 30 ಮ್ಯಾಚು, ಮೊದಲ ಎರಡು ಟೀಮು ಸೀದಾ ಮೇಲಕ್ಕೆ, ಮೂರನೆಯವರಿಗೆ ಮಾತ್ರ ಕ್ವಾಲಿಫೈಯರ್. 2023ರಲ್ಲಿ ನಮ್ಮೂರಿನ ಫುಟ್‌ಬಾಲ್ ಟೀಮು ವೆಸ್ಟರೋಸ್ ಎಸ್‌ಕೆ ಸೂಪರೆಟ್ಟನ್ ಗೆದ್ದು ಹಾಗೇ ಮೇಲೆ ಹೋಯ್ತು, ಊರೆಲ್ಲಾ ಹಬ್ಬ. (ಮುಂದಿನ ವರ್ಷವೇ ವಾಪಸ್ ಕೆಳಗೆ ಬಂತು, ಅದು ಬೇರೆ ಕಥೆ.) ಅದನ್ನ ಕಣ್ಣಾರೆ ನೋಡಿದವರು ಅದೇ ರೂಲನ್ನ ಪಕ್ಕದ ಐಸ್ ಹಾಲ್‌ಗೂ ಹಚ್ಚಿಬಿಡ್ತಾರೆ. ಫುಟ್‌ಬಾಲಲ್ಲಿ ಇಡೀ ದೇಶದ ಚಾಂಪಿಯನ್ ಯಾರು ಅನ್ನೋದನ್ನೇ ಟೇಬಲ್ ಹೇಳತ್ತೆ, ಹಾಕೀಲಿ ಎಸ್‌ಎಚ್‌ಎಲ್ ಚಾಂಪಿಯನ್ನನ್ನೂ ಪ್ಲೇಆಫೇ ತೀರ್ಮಾನ ಮಾಡೋದು. ಬ್ರಿನೆಸ್ ಟೀಮು 2025ರಲ್ಲಿ ಎಸ್‌ಎಚ್‌ಎಲ್ ಟೇಬಲ್ಲಲ್ಲಿ ಫಸ್ಟು, ಚಿನ್ನ ಹೋಗಿದ್ದು ಫೈನಲ್ ಗೆದ್ದ ಲೂಲಿಯೋಗೆ. ಐಪಿಎಲ್ ನೋಡಿ ಬೆಳೆದವರಿಗೆ ಇದು ಅರ್ಥ ಆಗಬೇಕು, ಲೀಗ್ ಹಂತದಲ್ಲಿ ಟಾಪ್ ಬಂದವರೆಲ್ಲ ಕಪ್ ಎತ್ತಲ್ಲ.

ಬ್ರಿನೆಸ್ ಹೆಸರು ಬಂತಲ್ಲ, ನನಗೆ ಅವರ ಕಥೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಯೆವ್ಲೆ ಊರಿನ ಟೀಮು, 13 ಸಲ ಸ್ವೀಡನ್ ಚಾಂಪಿಯನ್, 1960ರಿಂದ ಒಂದು ವರ್ಷವೂ ಬಿಡದೆ ಮೇಲಿನ ಲೀಗಲ್ಲೇ ಇದ್ದವರು. 2023ರ ವಸಂತದಲ್ಲಿ ಮಾಲ್ಮೋ ಎದುರು ಸೋತು ಕೆಳಗೆ ಬಿದ್ರು. 2023–24ರಲ್ಲಿ ಹಾಕಿಆಲ್‌ಸ್ವೆನ್ಸ್ಕನ್ ಟೇಬಲ್ಲಲ್ಲಿ ಫಸ್ಟ್ ಬಂದ್ರು. ಅಷ್ಟಕ್ಕೆ ಯಾರೂ ಅವರನ್ನ ಮೇಲೆ ಕಳಿಸಲಿಲ್ಲ, ಪ್ಲೇಆಫ್ ಪೂರ್ತಿ ಆಡಿ ಫೈನಲ್ಲಲ್ಲಿ ಯೂರ್ಗೋರ್ಡೆನ್‌ನ ಸೋಲಿಸಿದ ಮೇಲೇನೇ ಮೇಲೆ ಹೋದದ್ದು. ಈ ಒಂದು ಉದಾಹರಣೆ ನೋಡಿದವರು "ನೋಡಿ, ಫಸ್ಟ್ ಬಂದ್ರು, ಹೋದ್ರು" ಅಂತಾರೆ. ಅಲ್ಲ, ಫೈನಲ್ ಗೆದ್ರು, ಹೋದ್ರು.

ಎದುರಿಗಿದ್ದ ಯೂರ್ಗೋರ್ಡೆನ್‌ನ ನೋಡಿ. ಸ್ಟಾಕ್‌ಹೋಮಿನ ಟೀಮು, 16 ಚಿನ್ನ, ದೇಶದಲ್ಲೇ ಅತಿ ಹೆಚ್ಚು. 2022ರಲ್ಲಿ ಕೆಳಗೆ ಬಿದ್ರು. 2023ರ ಫೈನಲ್ ಮೂಡೋಗೆ ಸೋತ್ರು, 2024ರದ್ದು ಬ್ರಿನೆಸ್‌ಗೆ ಸೋತ್ರು, 2025ರಲ್ಲಿ ಅದೇ ಊರಿನ ಬದ್ಧ ಎದುರಾಳಿ ಎಐಕೆನ ಫೈನಲ್ಲಲ್ಲಿ ಸೋಲಿಸಿ ಕೊನೆಗೂ ಮೇಲಕ್ಕೆ. ಉಮಿಯೋದ ಬ್ಯೋರ್ಕ್‌ಲೋವೆನ್ 2021ರಲ್ಲೂ 2022ರಲ್ಲೂ ಫೈನಲ್‌ವರೆಗೆ ಹೋಗಿ ಸೋತ್ರು. ಫೈನಲ್ ಸೋತವರಿಗೆ ಇನ್ನೊಂದು ಬಾಗಿಲು ಇಲ್ಲ, ಮತ್ತೆ ಸೆಪ್ಟೆಂಬರಿಂದ 52 ಮ್ಯಾಚು.

ಪ್ಲೇಆಫ್ ಯಾಕೆ ಇಷ್ಟು ಬೇರೆ ಅನ್ನೋದನ್ನ ಹಾಲಲ್ಲಿ ನಿಂತ್ರೆನೇ ಗೊತ್ತಾಗೋದು. ಸೀರೀಸ್ ಮ್ಯಾಚು ಟೈ ಆದ್ರೆ ಮೂರು ಮೂರು ಜನ ಐದು ನಿಮಿಷ ಆಡ್ತಾರೆ, ಆಗಲಿಲ್ಲ ಅಂದ್ರೆ ಪೆನಾಲ್ಟಿ ಶೂಟು, ಎಲ್ಲರೂ ಬಸ್ ಹಿಡಿಯೋಕೆ ಹೋಗ್ತಾರೆ. ಪ್ಲೇಆಫಲ್ಲಿ ಶೂಟೌಟ್ ಇಲ್ಲ, ಐದೈದು ಜನರೇ, ಇಪ್ಪತ್ತು ನಿಮಿಷದ ಹೊಸ ಪೀರಿಯಡ್ಡು, ಒಂದು ಗೋಲ್ ಬೀಳೋವರೆಗೂ. ಒಂದು ಸಲ ನನ್ನ ಪಕ್ಕ ನಿಂತಿದ್ದ ಅಜ್ಜ ಫ್ಲಾಸ್ಕಿಂದ ಮುಚ್ಚಳಕ್ಕೆ ಕಾಫಿ ಬಗ್ಗಿಸ್ಕೊಂಡಿದ್ರು, ಎಕ್ಸ್‌ಟ್ರಾ ಪೀರಿಯಡ್ ಶುರುವಾದ ಮೇಲೆ ಆ ಮುಚ್ಚಳ ಕೈಯಲ್ಲೇ ಉಳೀತು, ಒಂದು ಗುಟುಕೂ ಕುಡೀಲಿಲ್ಲ, ಹಬೆ ನಿಂತು ಕಾಫಿ ತಣ್ಣಗಾಗೋದನ್ನ ನಾನು ನೋಡ್ತಾ ಇದ್ದೆ. ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಬೋರ್ಡಿಗೆ ಬಡಿದಾಗೆಲ್ಲ ಅವರ ಭುಜ ಕುಲುಕೋದು. ಒಬ್ಬ ಗೋಲಿ ಫಾರ್ಮಿಗೆ ಬಂದ್ರೆ ಎರಡು ವಾರದಲ್ಲಿ ಆರು ತಿಂಗಳ ಟೇಬಲ್ಲನ್ನ ಅಳಿಸಿಹಾಕಿಬಿಡ್ತಾನೆ. ಇದು ಅನ್ಯಾಯ ಅನ್ನೋರು ಇದಾರೆ, ನನಗೆ ಹಾಗನ್ಸಲ್ಲ, ಸೆಪ್ಟೆಂಬರಲ್ಲೇ ಎಲ್ಲರಿಗೂ ಗೊತ್ತಿರೋ ರೂಲಿದು.

ಕೆಳಗಿನ ತುದಿ ಬಗ್ಗೆ ಎರಡೇ ಮಾತು: 13 ಮತ್ತು 14ನೇ ಜಾಗದವರು ತಮ್ಮತಮ್ಮಲ್ಲೇ ಸರಣಿ ಆಡಬೇಕು, ಸೋತವರು ಹಾಕಿಎಟ್ಟನ್‌ಗೆ, ಅಂದ್ರೆ ಮೂರನೇ ಹಂತಕ್ಕೆ. ಎಸ್‌ಎಚ್‌ಎಲ್‌ನಲ್ಲೂ ಕೊನೆ ಇಬ್ಬರದ್ದು ಇದೇ ಕಥೆ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಅರ್ಧ ಗೊಂದಲ ಹೆಸರಿಂದಾನೇ ಆಗೋದು. ಫುಟ್‌ಬಾಲಲ್ಲಿ ಆಲ್‌ಸ್ವೆನ್ಸ್ಕನ್ ಅಂದ್ರೆ ಅತಿ ಮೇಲಿನ ಲೀಗು, 1924ರಿಂದ. ಹಾಕೀಲಿ ಅದೇ ಹೆಸರು ಎರಡನೇ ಲೀಗಿಗೆ ಯಾಕೆ? ಆ ಪದದ ಅರ್ಥ "ಇಡೀ ಸ್ವೀಡನ್ನಿನ" ಅಂತ ಅಷ್ಟೇ, ಮೇಲು ಕೀಳು ಏನೂ ಅದರಲ್ಲಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಎರಡನೇ ಹಂತದ ಹಾಕಿ ಟೀಮುಗಳು ಕ್ರಿಸ್‌ಮಸ್‌ವರೆಗೆ ಉತ್ತರ ದಕ್ಷಿಣ ಅಂತ ತಮ್ಮ ತಮ್ಮ ಪ್ರಾಂತ್ಯದ ಗುಂಪಲ್ಲೇ ಆಡ್ತಿದ್ರು, ಆಮೇಲೆ ಅದರಲ್ಲಿ ಚೆನ್ನಾಗಿ ಆಡಿದವರನ್ನ ಇಡೀ ದೇಶದ ಒಂದು ಗುಂಪಿಗೆ ಸೇರಿಸೋರು, ಆ ಗುಂಪಿನ ಹೆಸರು ಆಲ್‌ಸ್ವೆನ್ಸ್ಕನ್. ಮೇಲಿನ ಲೀಗಿಗೆ 1975ರಿಂದಲೇ ಎಲಿಟ್‌ಸೇರಿಯನ್ ಅಂತ ಹೆಸರಿತ್ತು, ಅದೇ 2013ರಲ್ಲಿ ಎಸ್‌ಎಚ್‌ಎಲ್ ಆಯ್ತು. 2005ರಲ್ಲಿ ಎರಡನೇ ಹಂತವನ್ನ ಪೂರ್ತಿ ಒಂದೇ ರಾಷ್ಟ್ರೀಯ ಸೀರೀಸ್ ಮಾಡಿದಾಗ ಹಳೇ ಹೆಸರು ಹಾಗೇ ಉಳೀತು.

ಹಾಗಾಗಿ ಆಫೀಸಲ್ಲಿ ಯಾರಾದ್ರೂ "ಈ ವಾರ ಆಲ್‌ಸ್ವೆನ್ಸ್ಕನ್ ಮ್ಯಾಚಿಗೆ ಬರ್ತೀಯಾ" ಅಂತ ಕರೆದ್ರೆ ಯಾವುದು ಅಂತ ಮೊದಲು ಕೇಳಿ, ಅದರಲ್ಲೂ ಮಾರ್ಚ್ ಕೊನೆ ಏಪ್ರಿಲ್ ಶುರುವಲ್ಲಿ, ಆಗ ಫುಟ್‌ಬಾಲ್ ಸೀಸನ್ ಶುರುವಾಗಿರತ್ತೆ, ಹಾಕಿ ಪ್ಲೇಆಫ್ ಇನ್ನೂ ಮುಗಿದಿರಲ್ಲ. ನಮ್ಮೂರಲ್ಲಿ ಎರಡೂ ರಾಕ್ಲುಂಡದಲ್ಲೇ ಇರೋದು. ಬಸ್ ಇಳಿದ ಮೇಲೆ ಹಸಿರು-ಬಿಳಿ ಮಫ್ಲರ್ ಹಾಕಿದವರು ಫುಟ್‌ಬಾಲ್ ಮೈದಾನದ ಕಡೆ ಹೋಗ್ತಾರೆ, ಹಳದಿ-ಕಪ್ಪಿನವರು ಐಸ್ ಹಾಲ್ ಕಡೆ. ನೀವು ಹಳದಿ-ಕಪ್ಪಿನವರ ಹಿಂದೆ ಹೋಗಿ, ಒಳಗೆ ಚಳಿ ಇರತ್ತೆ, ಸ್ವೆಟರ್ ಹಾಕ್ಕೊಂಡೇ ಹೋಗಿ.