ಪದ ಪರಿಚಯ: ಇಸ್ಲಾಮೋಫೋಬಿಯಾ, ಅದೂ ಕತೆಯೊಳಗೆ

ಫೋಬಿಯಾ ಅಂದರೆ ಭಯ. ಹಾಗಂತ ಈ ಪದವನ್ನು ‘ಇಸ್ಲಾಂ ಭೀತಿ’ ಅಂತ ಕನ್ನಡಿಸಿದರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ. ಇದು ಹಾವು ಕಂಡು ಬೆಚ್ಚುವಂಥ ಭಯವಲ್ಲ. ಹೆಸರು ಕೇಳಿದೊಡನೆ ‘ಬಾಡಿಗೆಗೆ ಮನೆ ಇಲ್ಲ’ ಎಂದು ಹೇಳಿಸುವ ಪೂರ್ವಗ್ರಹ. ‘ಮುಸ್ಲಿಂ ದ್ವೇಷ’ ಅನ್ನುವುದೇ ಹೆಚ್ಚು ಹತ್ತಿರ. 1997ರಲ್ಲಿ ಬ್ರಿಟನ್ನಿನಲ್ಲಿ ಜನಾಂಗೀಯ ಸಮಾನತೆಗೆ ದುಡಿಯುವ ರನ್ನಿಮೀಡ್ ಟ್ರಸ್ಟ್ ಹೊರತಂದ ವರದಿಯಿಂದ ಪದ ಬಳಕೆಗೆ ಬಿತ್ತು. ಅದು ಇಸ್ಲಾಮನ್ನು ನೋಡುವ ಬಗೆಯನ್ನು ಮುಚ್ಚಿದ ನೋಟ (ಪೂರ್ವಗ್ರಹದ್ದು), ತೆರೆದ ನೋಟ ಎಂದು ಎರಡು ಮಾಡಿ ಎಂಟು ಅಂಶಗಳಲ್ಲಿ ಹೋಲಿಸಿತ್ತು. ಅದರಲ್ಲಿ ಮೊದಲನೆಯದು ಕತೆ ಓದುವವರಿಗೆ ಬಲು ಮುಖ್ಯ: ಇಸ್ಲಾಂ ಅಲುಗದ ಒಂದೇ ಬಂಡೆಯೋ, ಒಳಗೇ ಜಗಳ, ಬದಲಾವಣೆ ಇರುವಂಥದ್ದೋ?

ಆ ಬಂಡೆಯನ್ನು ನಮಗೆ ಕಡೆದು ಕೊಟ್ಟವರಲ್ಲಿ ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಮಿಲ್ ಒಬ್ಬ. ಭಾರತಕ್ಕೆ ಕಾಲಿಡದೆಯೇ 1817ರಲ್ಲಿ ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ನಮ್ಮ ಇತಿಹಾಸವನ್ನು ಹೋಳು ಮಾಡಿದ. ಬ್ರಿಟಿಷರು ಹೋದರೂ ಆ ಹೋಳು ನಮ್ಮ ಕಾದಂಬರಿಯಲ್ಲಿ ಹೇಗೆ ಉಳಿಯಿತು ಎಂದು ಕೇಳುವುದೇ ವಸಾಹತೋತ್ತರ ಓದು. ತಾಳಿಕೋಟಿ ಯುದ್ಧವನ್ನೇ ನೋಡಿ. 1565ರ ಆ ಕಾಳಗವನ್ನು ಎರಡು ಧರ್ಮಗಳ ಕುಸ್ತಿ ಮಾಡಿ ಬರೆದವರಿಗೆ ವಿಜಯನಗರದ ರಾಮರಾಯನ ಪಡೆಯಲ್ಲಿದ್ದ ಮುಸ್ಲಿಂ ಸರದಾರರು ಅಡ್ಡಬರುತ್ತಾರೆ. ಅದಕ್ಕೂ ಮುಂಚೆ ಎದುರು ಪಕ್ಷದ ಬಿಜಾಪುರದ ಸುಲ್ತಾನ ಅಲಿ ಆದಿಲ್‌ಶಾಹ ಅವನದೇ ಮಿತ್ರನಾಗಿದ್ದ ಸಂಗತಿಯೂ ಅಡ್ಡಬರುತ್ತದೆ. ಸರಸ್ವತಿಯನ್ನು ನೆನೆದು ‘ಕಿತಾಬ್-ಎ-ನೌರಸ್’ ಬರೆದ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗಂತೂ ಮಿಲ್‌ನ ಚೌಕಟ್ಟಿನಲ್ಲಿ ಜಾಗವೇ ಇಲ್ಲ.

ಈಗಿನ ಕತೆಗಳಲ್ಲಿ ತಪ್ಪು ಹೆಚ್ಚಾಗಿ ಮಾತಿನಲ್ಲಿ ಸಿಗುತ್ತದೆ. ವಿಜಯಪುರದ ಗಾದಿ ಹೊಲಿಯುವ ಹುಸೇನಸಾಬ ಎಂಬ ಪಾತ್ರ ಬಂತು ಅನ್ನಿ. ಬರೆಯುವವರು ಅವನ ಬಾಯಿಗೆ ‘ನಾವು ಹೇಳ್ತಾನೆ, ನೀವು ಬರ್ತಾನೆ’ ಅಂತ ಮುರುಕು ಕನ್ನಡ ತುರುಕುತ್ತಾರೆ. ಮನೆಯಲ್ಲೇ ಜವಾರಿ ಕನ್ನಡ ಆಡುವ, ಹತ್ತಿ ಹಿಂಜಿ ಗಾದಿ ಮಾಡುವ ನದಾಫ ಮುಸ್ಲಿಂ ಮನೆತನಗಳು ಈ ಸೀಮೆಯಲ್ಲಿವೆ. ಮೊಹರಮ್ಮಿಗೆ ಕರ್ಬಲಾದ ಕತೆಯನ್ನು ರಿವಾಯತ್ ಪದ ಕಟ್ಟಿ ಹಾಡುವುದೂ ಕನ್ನಡದಲ್ಲೇ, ಹಾಡುವವರಲ್ಲಿ ಲಿಂಗಾಯತರೂ ಕುರುಬರೂ ಇದ್ದಾರೆ. ಹುಸೇನಸಾಬ ‘ಮಳಿ ಬಂದ್ರ ಹತ್ತಿ ತೊಯ್ತೈತಿ, ನಾಳಿ ಒಯ್ರಿ’ ಅಂದರೆ ಅವನು ಆ ಓಣಿಯ ಮನುಷ್ಯ. ಮುರುಕು ಕನ್ನಡ ಆಡಿಸಿದ ಗಳಿಗೆಗೆ ಅವನು ಎಲ್ಲಿಂದಲೋ ಬಂದವನಾಗುತ್ತಾನೆ, ಬೈಗುಳ ಒಂದೂ ಬೇಕಾಗುವುದಿಲ್ಲ.

ಒಳ್ಳೆಯವನನ್ನು ಬರೆಯುವಾಗಲೂ ಹೀಗೇ ಎಡವುತ್ತಾರೆ. ಕೊನೆಯ ಪುಟದಲ್ಲಿ ಯಾರಿಗಾಗಿಯೋ ಪ್ರಾಣ ಕೊಟ್ಟು ದೇಶಭಕ್ತಿ ರುಜುವಾತು ಮಾಡಬೇಕಾದ ಪಾತ್ರವೂ ಶಂಕೆಯ ಕೂಸೇ. ಪಕ್ಕದ ಮನೆಯ ಬಸಪ್ಪನಿಗೆ ಆ ಪರೀಕ್ಷೆ ಇರುವುದಿಲ್ಲವಲ್ಲ!

ಹಾಗಾದರೆ ಮುಸ್ಲಿಂ ಸಮಾಜದ ತಪ್ಪು ಬರೆಯಬಾರದೇ? ಬರೆಯಲೇಬೇಕು. ಸಾರಾ ಅಬೂಬಕ್ಕರ್ ತಲಾಖಿನ ಕ್ರೌರ್ಯ ಬರೆದರು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಕತೆಗಳ ತುಂಬ ಮನೆಯ, ಮಸೀದಿಯ ಗಂಡಾಳಿಕೆಯ ಮೇಲಿನ ಸಿಟ್ಟಿದೆ. ಅಲ್ಲಿ ತಪ್ಪು ಮಾಡುವವನಿಗೂ ಹೆಸರಿದೆ, ಎದುರಾಡುವ ಹೆಂಗಸಿಗೂ ಹೆಸರಿದೆ. ದ್ವೇಷದ ಕತೆಯಲ್ಲಿ ಆಕೆ ಯಾರೋ ಹೊರಗಿನವನು ಬಂದು ಬಿಡಿಸುವ ತನಕ ಬುರ್ಖಾದೊಳಗೆ ಬಾಯಿಲ್ಲದೆ ಕೂತಿರುತ್ತಾಳೆ.