ಹತ್ತು ಸೆಕೆಂಡಿನ ಇಸಿಜಿ ಭವಿಷ್ಯ ಹೇಳುವುದಿಲ್ಲ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಮಾಡಿದ ಮೊದಲ ಕೆಲಸ, ಇಸಿಜಿ ತೆಗೆಸಿಕೊಳ್ಳಲು ಓಡಿದ್ದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರನೆ ಹೆಚ್ಚಿಲ್ಲ ಎಂದು ತಜ್ಞರ ಸಮಿತಿ ಜುಲೈನಲ್ಲಿ ಹೇಳಿತು. ಅಷ್ಟರೊಳಗೆ ಎಷ್ಟೋ ಮಂದಿಯ ಜೇಬಿನಲ್ಲಿ ‘ನಾರ್ಮಲ್’ ಎಂದು ಬರೆದ ಹಾಳೆ ಕುಳಿತಿತ್ತು. ಇನ್ನೊಂದು ವರ್ಷ ಚಿಂತೆಯಿಲ್ಲ ಎಂದುಕೊಂಡವರೇ ಹೆಚ್ಚು. ನನ್ನ ತಕರಾರು ಇಲ್ಲಿಂದ ಶುರು.

ಆ ಹಾಳೆಯನ್ನೊಮ್ಮೆ ಹತ್ತಿರದಿಂದ ನೋಡಿ. ಗುಲಾಬಿ ಬಣ್ಣದ ಸಣ್ಣ ಸಣ್ಣ ಚೌಕ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸರಿಯುವುದರಿಂದ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡ್. ಹೃದಯದ ಬಲ ಮೇಲ್ಭಾಗದಲ್ಲಿರುವ ಪುಟ್ಟ ಕೋಶಗುಚ್ಛದಲ್ಲಿ ವಿದ್ಯುತ್ ಹುಟ್ಟುತ್ತದೆ; ಅದು ಮೇಲಿನ ಕೋಣೆಗಳಲ್ಲಿ ಹರಡಿದಾಗ ಮೊದಲ ಸಣ್ಣ ಉಬ್ಬು ಮೂಡುತ್ತದೆ. ಅದೇ ‘ಪಿ’. ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆ: ಕೆಳಗಿನ ಕೋಣೆಗಳು ರಕ್ತದಿಂದ ತುಂಬಿಕೊಳ್ಳಲಿ ಎಂದು. ಬಳಿಕ ವಿದ್ಯುತ್ ಕೆಳಗಿಳಿದು ದಪ್ಪ ಸ್ನಾಯುವನ್ನು ಹಿಂಡಿಸುವಾಗ ಕಾಣುವ ಚೂಪು ಶಿಖರ ‘ಕ್ಯುಆರ್‌ಎಸ್’. ಸ್ನಾಯು ಮತ್ತೆ ಸುಧಾರಿಸಿಕೊಳ್ಳುವಾಗಿನ ಮೆಲ್ಲನೆಯ ಉಬ್ಬು ‘ಟಿ’. ಚರ್ಮದ ಮೇಲೆ ಸಿಗುವ ಈ ಸಂಕೇತ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಸಾಮಾನ್ಯ ಇಸಿಜಿ ದಾಖಲಿಸುವುದು ಹತ್ತು ಸೆಕೆಂಡಿನ ಕಥೆ. ದಿನಕ್ಕೆ ಲಕ್ಷದಷ್ಟು ಬಾರಿ ಬಡಿಯುವ ಹೃದಯದ ಹನ್ನೊಂದೋ ಹನ್ನೆರಡೋ ಬಡಿತ.

ಇಷ್ಟೂ ಹೊತ್ತು ಮಾತನಾಡಿದ್ದು ವಿದ್ಯುತ್ತಿನ ಬಗ್ಗೆ, ರಕ್ತನಾಳದ ಬಗ್ಗೆ ಅಲ್ಲ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮೇಲಿರುವ ಆಂಪಿಯರ್ ಮೀಟರು ಮೋಟರು ಸರಿಯಾಗಿ ಕರೆಂಟ್ ಎಳೆಯುತ್ತಿದೆಯೇ ಎಂದು ಹೇಳುತ್ತದೆ. ಪೈಪಿನೊಳಗೆ ಅರ್ಧ ಹೂಳು ಕಟ್ಟಿದ್ದರೂ ಮುಳ್ಳು ತನ್ನ ಜಾಗದಲ್ಲೇ ನಿಂತಿರಬಹುದು. ಹೃದಯದ ನಾಳದಲ್ಲಿ ಕೊಬ್ಬು ಅರ್ಧದಷ್ಟು ಕಟ್ಟಿಕೊಂಡವರ ಇಸಿಜಿಯೂ, ಮಲಗಿ ವಿಶ್ರಮಿಸುವಾಗ ತೆಗೆದರೆ, ಬಹುತೇಕ ಹೀಗೆಯೇ. ಇನ್ನೂ ತೊಂದರೆಯ ವಿಷಯವೆಂದರೆ, ಎಷ್ಟೋ ಹೃದಯಾಘಾತಗಳು ಆಗುವುದು ತುಂಬಾ ಕಿರಿದಾದ ಜಾಗದಲ್ಲಿ ಅಲ್ಲ. ಸಾಧಾರಣ ಗಾತ್ರದ ಕೊಬ್ಬಿನ ಪದರವೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಹಿಂದಿನ ದಿನದ ಇಸಿಜಿಯಲ್ಲಿ ಕಾಣುವುದಕ್ಕೆ ಏನೂ ಇರುವುದಿಲ್ಲ.

ಹಾಗೆಂದು ಈ ಯಂತ್ರವನ್ನು ಹಳಿಯಲಾರೆ, ಅದರ ಚರಿತ್ರೆಯೇ ಅಷ್ಟು ಸೊಗಸು. 1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ದಾಖಲಿಸಿದ. ಜಿಮ್ಮಿ ಎಂಬ ತನ್ನ ಬುಲ್‌ಡಾಗ್‌ನ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಪ್ರದರ್ಶನ ಕೊಟ್ಟಾಗ ಅದು ಪ್ರಾಣಿಹಿಂಸೆಯಲ್ಲವೇ ಎಂಬ ಪ್ರಶ್ನೆ 1909ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಎದ್ದಿತು. ಸಮುದ್ರದಲ್ಲಿ ಕಾಲಾಡಿಸಿದವರಿಗೆ ಆ ಅನುಭವ ಗೊತ್ತಿರುತ್ತದೆ ಎಂಬರ್ಥದ ಉತ್ತರ ಮಂತ್ರಿಗಳಿಂದ ಬಂತು! ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಲ್ಲೆಮ್ ಐಂಟ್‌ಹೋವೆನ್ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ಅದನ್ನು ಆಸ್ಪತ್ರೆಗೆ ಹೊರುವವರು ಯಾರು? ಆತ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಾಲಯದವರೆಗೆ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನೇ ತರಿಸಿಕೊಂಡ. 1924ರಲ್ಲಿ ನೊಬೆಲ್ ಬಂತು.

ಆ ತಂತಿಯ ಉಪಾಯವೇ ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಜೀವ ಉಳಿಸುತ್ತಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ಬಂದವರ ಇಸಿಜಿ ದೂರದ ಹೃದ್ರೋಗ ತಜ್ಞರನ್ನು ತಲುಪುತ್ತದೆ. ನಾಳ ಪೂರ್ತಿ ಮುಚ್ಚಿದ ಲಕ್ಷಣ ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ಇಸಿಜಿ ಹುಟ್ಟಿದ್ದೇ ಇಂಥ ಕೆಲಸಕ್ಕೆ: ನೋವು ಈಗ ಇದೆ, ಏನಾಗುತ್ತಿದೆ ಈಗ ಹೇಳು ಎಂದು ಕೇಳುವುದಕ್ಕೆ. ನಾವು ಮಾಡುವುದು ತದ್ವಿರುದ್ಧ. ನೋವಿಲ್ಲದವರು ನಸುಕಿನಲ್ಲೇ ಎದ್ದು ಬಸ್ ಹತ್ತಿ ಸಾಲಿನಲ್ಲಿ ನಿಲ್ಲುತ್ತಾರೆ; ಎದೆ ಹಿಂಡಿ, ಬೆವರು ಕಿತ್ತುಕೊಂಡು, ಎಡಗೈಗೋ ದವಡೆಗೋ ನೋವು ಇಳಿಯುತ್ತಿರುವವರು ‘ಗ್ಯಾಸ್ಟ್ರಿಕ್ ಕಣಯ್ಯಾ’ ಎಂದು ಸೋಡಾ ಕುಡಿದು ಮಲಗುತ್ತಾರೆ. ಸ್ನಾಯು ಸಾಯುವುದು ಆ ಹೊತ್ತಿನಲ್ಲೇ.

ನೋವಿದ್ದಾಗಲೂ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ವೈದ್ಯರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಜೊತೆಗೆ ಟ್ರೊಪೋನಿನ್ ರಕ್ತಪರೀಕ್ಷೆ ಬರೆಯುತ್ತಾರೆ. ಹೃದಯದ ಸ್ನಾಯು ಗಾಯಗೊಂಡರೆ ಸೋರುವ ಪ್ರೋಟೀನು ಅದು. ರಕ್ತದಲ್ಲಿ ಏರಲು ಕೆಲವು ಗಂಟೆ ಹಿಡಿಯುವುದರಿಂದ ಎರಡನೇ ಸಲ ರಕ್ತ ತೆಗೆಯುವುದು ದುಡ್ಡು ಕೀಳುವ ಹುನ್ನಾರವಲ್ಲ.

ಸರಿ, ನೋವಿಲ್ಲದವರು ಟಿಎಂಟಿ ಮಾಡಿಸಿದರೆ? ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯವನ್ನು ದಣಿಸಿ ನೋಡುವ ಪರೀಕ್ಷೆ ಇದು. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಯಾವ ತೊಂದರೆಯೂ ಇಲ್ಲದ 1,000 ಮಂದಿಯಲ್ಲಿ 20 ಜನರಿಗೆ ನಿಜವಾಗಿ ನಾಳದ ಕಾಯಿಲೆ ಇದೆ. ಪರೀಕ್ಷೆ ಆ 20ರಲ್ಲಿ 14 ಜನರನ್ನು ಹಿಡಿಯುತ್ತದೆ. ಉಳಿದ 980 ಮಂದಿಯಲ್ಲಿ ಐವರಿಗೊಬ್ಬರಂತೆ ತಪ್ಪಾಗಿ ಪಾಸಿಟಿವ್ ತೋರಿಸಿದರೆ 196 ಜನ. ಒಟ್ಟು 210 ಪಾಸಿಟಿವ್‌ಗಳಲ್ಲಿ ನಿಜವಾದವು 14! ಮಿಕ್ಕವರಿಗೆ ಆಂಜಿಯೋಗ್ರಾಂ ಮಾಡಿಸುವ ಖರ್ಚು, ಹೆಂಡತಿ ಮಕ್ಕಳ ಅಳು, ಹರಕೆ, ಮಾಟದ ತಡೆ ಒಡೆಯುವವರ ಬಳಿ ಅಲೆದಾಟ. ಇದೇ ಯಂತ್ರದ ಮೇಲೆ, ಗುಡ್ಡ ಹತ್ತುವಾಗ ಎದೆ ಬಿಗಿಯುತ್ತದೆ ಎನ್ನುವ ಐವತ್ತೈದರ ಸಕ್ಕರೆ ಕಾಯಿಲೆಯವರನ್ನು ನಡೆಸಿದರೆ ಬರುವ ಪಾಸಿಟಿವ್‌ಗೆ ತೂಕ ಬೇರೆ. ಯಾರಿಗೆ, ಏಕೆ ಮಾಡಿಸಿದರು ಎಂಬುದನ್ನು ಬಿಟ್ಟು ಫಲಿತಾಂಶವನ್ನು ಓದಲಾಗದು.

ಧ್ವನಿ ತರಂಗಗಳಿಂದ ಹೃದಯದ ಚಿತ್ರ ತೋರಿಸುವ ಎಕೋ ಪರೀಕ್ಷೆಯ ಬಗ್ಗೆ ಒಂದೇ ಮಾತು. ಕೆ.ಆರ್.ಪುರಂನ ಹೋಟೆಲೊಂದರಲ್ಲಿ ಪರಿಚಿತರೊಬ್ಬರು, ‘ನೋಡಿ ಸಾರ್, ನನ್ನ ಹೃದಯ ಶೇ 60ರಷ್ಟೇ ಕೆಲಸ ಮಾಡುತ್ತಿದೆಯಂತೆ’ ಎಂದು ವರದಿ ಮುಂದಿಟ್ಟು ಕಣ್ಣು ತುಂಬಿಕೊಂಡರು. ಅದು ಪರೀಕ್ಷೆಯ ಅಂಕವಲ್ಲ. ಹೃದಯದ ಎಡಗಡೆಯ ಕೆಳಗಿನ ಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ. ಆರೋಗ್ಯವಂತರಲ್ಲೂ ನೂರಕ್ಕೆ ನೂರು ಬರುವುದಿಲ್ಲ. 60 ಎಂದರೆ ಚೆನ್ನಾಗಿದೆ ಎಂದೇ ಅರ್ಥ. ಹೇಳಿದ ಮೇಲೆ ಅವರು ಇನ್ನೊಂದು ಕಾಫಿ ತರಿಸಿದರು.

ನೋವಿಲ್ಲದವರ ಮುಂದಿನ ಹತ್ತು ವರ್ಷದ ಅಪಾಯವನ್ನು ಅಂದಾಜಿಸಲು ನೆರವಾಗುವ ಪರೀಕ್ಷೆಗಳು ಅಗ್ಗವಾದವು, ಯಾರೂ ಅವುಗಳಿಗಾಗಿ ಸಾಲು ನಿಲ್ಲುವುದಿಲ್ಲ: ರಕ್ತದೊತ್ತಡ, ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಸೊಂಟಕ್ಕೆ ಹಿಡಿಯುವ ಟೇಪು. ಬೀಡಿ, ಸಿಗರೇಟು, ಗುಟ್ಕಾ ಇದೆಯೇ, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿತ್ತೇ ಎಂಬ ಪ್ರಶ್ನೆಗಳಿಗಂತೂ ಖರ್ಚೇ ಇಲ್ಲ.

ಈಗಾಗಲೇ ಇಸಿಜಿ ತೆಗೆಸಿದ್ದರೆ ಎಸೆಯಬೇಡಿ. ಮುಂದೆಂದಾದರೂ ಎದೆನೋವು ಬಂದಾಗ ಹೊಸ ಗೆರೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಲು ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಶಾಖದಿಂದ ಅಚ್ಚಾಗುವ ಕಾಗದವಾದರೆ ಬಿಸಿಲಿಗೆ ಮಾಸಿಹೋಗುತ್ತದೆ. ಒಂದು ಜೆರಾಕ್ಸ್ ತೆಗೆಸಿ, ಮೊಬೈಲಿನಲ್ಲೂ ಫೋಟೊ ಹಿಡಿದಿಟ್ಟುಕೊಳ್ಳಿ.