ಲೋಟದಲ್ಲಿ ಕರಗಿದ ಕಲ್ಲು

ಲೋಟದ ನೀರಿಗೆ ಕಲ್ಲು ಹಾಕಿದರೆ ಮುಳುಗುತ್ತದೆ, ಅಷ್ಟೇ ಅಲ್ವಾ? ಅಮೆರಿಕದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನ ಪಶ್ಚಿಮ ದಡದ ಕೆಂಪು ಕಲ್ಲು ಹಾಗಲ್ಲ. ನೀರಿಗೆ ಬಿದ್ದೊಡನೆ ಗುಳ್ಳೆ ಬಿಡುತ್ತದೆ. ಆಮೇಲೆ ಅಂಚುಗಳು ಉದುರುತ್ತವೆ. ಒಂದು ಗಂಟೆಯೊಳಗೆ ಉಳಿಯುವುದು ಮರಳು, ಕಲ್ಲಿನ ಚೂರು, ರಾಡಿ ನೀರು. ಒಣಗಿದ್ದಾಗ ಮಾತ್ರ ಒಳ್ಳೇ ಗಟ್ಟಿ ಬಂಡೆಯಂತೆಯೇ ಕಾಣುತ್ತದೆ! ಈ ಪರೀಕ್ಷೆಯ ಮಾತು ಎದ್ದದ್ದು ಅಣೆಕಟ್ಟು ಒಡೆದ ಮೇಲೆ.

ಲಾಸ್ ಏಂಜಲೀಸ್‌ಗೆ ನೀರು ಕೂಡಿಡಲು ಎಂಜಿನಿಯರ್ ವಿಲಿಯಂ ಮಲ್‌ಹಾಲಂಡ್ ಅದನ್ನು 1926ರಲ್ಲಿ ಮುಗಿಸಿದ್ದರು. ಪೂರ್ವ ದಡದಲ್ಲಿ ಕಾಗೆಬಂಗಾರ ಮಿನುಗುವ ಪದರಗಲ್ಲು. ಓರೆಯಾಗಿ ಹಿಡಿದ ಇಸ್ಪೀಟು ಕಟ್ಟಿನಂತೆ ಪದರಗಳು ಕಣಿವೆಯ ಕಡೆಗೇ ವಾಲಿದ್ದವು. ಅದು ಹಿಂದೆಂದೋ ಜಾರಿ ನಿಂತ ಗುಡ್ಡ ಎಂದು ಭೂವಿಜ್ಞಾನಿಗಳು ಗುರುತಿಸಿದ್ದು ದಶಕಗಳ ನಂತರ.

1928ರ ಮಾರ್ಚ್ 12ರ ಬೆಳಿಗ್ಗೆ ಕಾವಲುಗಾರ ಹೊಸ ಸೋರಿಕೆ ಕಂಡ. ನೀರು ಮಣ್ಣು ಬಣ್ಣದ್ದು. ಸೋರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕದಡಿದ್ದರೆ ಒಳಗಿನ ನೆಲವನ್ನೇ ಹೊತ್ತು ತರುತ್ತಿದೆ ಎಂದರ್ಥ. ಮಲ್‌ಹಾಲಂಡ್ ಬಂದು ನೋಡಿ, ಬಣ್ಣ ಹೊಸದಾಗಿ ಕಡಿದ ದಾರಿಯ ಮಣ್ಣಿನದು ಎಂದು ಹೊರಟರು. ನಡುರಾತ್ರಿಗೆ ಮುಂಚೆ ಅಣೆಕಟ್ಟು ಒಡೆಯಿತು. 400ಕ್ಕೂ ಜಾಸ್ತಿ ಜನ ಸತ್ತರು.

ಗುಡ್ಡ ಎಂಥದ್ದೋ ಅಂಥದ್ದೇ ಗೋಡೆ ಕಟ್ಟಬೇಕು. ಕೇರಳದ ಇಡುಕ್ಕಿಯ ಕಮಾನು ಅಣೆಕಟ್ಟು ಸುಮಾರು 169 ಮೀಟರ್ ಎತ್ತರ. ಕಮಾನು ನೀರಿನ ಒತ್ತಡವನ್ನು ಎರಡೂ ಪಕ್ಕದ ಬಂಡೆಗುಡ್ಡಕ್ಕೆ ದಾಟಿಸುತ್ತದೆ, ಹಾಗಾಗಿ ಪಕ್ಕಗಳು ಗಟ್ಟಿ ಇರಲೇಬೇಕು. ನಮ್ಮ ಕೆಆರ್‌ಎಸ್ ತನ್ನ ತೂಕದಿಂದಲೇ ಕೂತಿರುವ ಕಲ್ಲಿನ ಗೋಡೆ. ಅದಕ್ಕೆ ಬೇಕಾದ್ದು ಕೆಳಗಿನ ಬಂಡೆ. ನೆಲ ಮೆತ್ತಗಿದ್ದರೆ ಕೆರೆ ಏರಿಯ ಹಾಗೆ ಅಗಲವಾದ ಮಣ್ಣಿನ ಒಡ್ಡೇ ವಾಸಿ.

ಇಂದು ಬುನಾದಿಗೆ ಮುಂಚೆ ಬೋರ್ ಕೊರೆದು ಕೋಲಿನಂಥ ಕಲ್ಲಿನ ತುಂಡುಗಳನ್ನು ಮೇಲೆತ್ತಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಟೇಪು ಹಿಡಿದು 10 ಸೆಂಟಿಮೀಟರ್‌ ಮೀರಿದ ತುಂಡುಗಳ ಉದ್ದವನ್ನಷ್ಟೇ ಕೂಡುತ್ತಾರೆ. ಒಂದು ಮೀಟರ್‌ಗೆ ಅಂಥವು 90 ಸೆಂಟಿಮೀಟರ್ ದಾಟಿದರೆ ಬಂಡೆ ಅತ್ಯುತ್ತಮ. 25ಕ್ಕಿಂತ ಕಡಿಮೆಯಾದರೆ ಪುಡಿಪುಡಿ ಬಂಡೆ ಎಂದು ಲೆಕ್ಕ. ಸರಳ ಲೆಕ್ಕ, ಆದರೆ ಸುಮ್ನೆ ಅಲ್ಲ: ಕಲ್ಲು ಎಷ್ಟು ಗಟ್ಟಿ ಅನ್ನುವುದರ ಜೊತೆಗೆ ಎಷ್ಟು ಒಡೆದಿದೆ ಅನ್ನುವುದೂ ಗೊತ್ತಾಗಬೇಕಲ್ಲ. ಬಿರುಕುಗಳಿದ್ದರೆ ಸಿಮೆಂಟು ನೀರನ್ನು ಒತ್ತಡದಿಂದ ತುಂಬುತ್ತಾರೆ. ಅದಕ್ಕೆ ಗ್ರೌಟಿಂಗ್ ಎನ್ನುತ್ತಾರೆ.

ಅಷ್ಟಾದರೂ ತಳದಲ್ಲಿ ನುಸುಳಿದ ನೀರು ಗೋಡೆಯನ್ನು ಕೆಳಗಿನಿಂದ ಎತ್ತುತ್ತದೆ. ಅದು ಹರಿದುಹೋಗಲು ಬಾವಿಗಳಂಥ ರಂಧ್ರ ಬೇಕು. ಸೇಂಟ್ ಫ್ರಾನ್ಸಿಸ್‌ನಲ್ಲಿ ಅವನ್ನು ನಡುಭಾಗದ ಕೆಳಗೆ ಮಾತ್ರ ಇಟ್ಟಿದ್ದರು. ಮಾರನೆಯ ಬೆಳಿಗ್ಗೆ ಖಾಲಿ ಕಣಿವೆಯಲ್ಲಿ ನೆಟ್ಟಗೆ ನಿಂತಿದ್ದದ್ದು ಆ ನಡುಭಾಗವೊಂದೇ.